ಜಗಲಿಯ ಮೇಲಿನ ಎಂಟಾಣೆ

ಹೊಳಪಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು. ಇದು ಜಂಬದ ಮಾತಲ್ಲ, ವ್ಯಾಪಾರದ ಮಾತು. ಶಿರಸಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಿತ್ತಾಳೆ, ತಾಮ್ರದ ಪಾತ್ರೆ ಮಾರಿಕೊಂಡು ಬಂದವನು ನಾನು. ಯಾರಾದರೂ ಕೊಡ ಹಿಡಿದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತರೆ ಸಾಕು, ಅದು ಹೊಸದೋ, ಹಳೆಯದನ್ನು ತಿಕ್ಕಿ ತಂದದ್ದೋ ಎಂದು ಗಾದಿಯ ಮೇಲೆ ಕೂತಲ್ಲಿಂದಲೇ ಹೇಳುತ್ತೇನೆ. (ಒಮ್ಮೆ ತಪ್ಪಿದ್ದುಂಟು. ಆ ಕೊಡ ಈಗ ನಮ್ಮ ಬಚ್ಚಲಲ್ಲಿದೆ.) ಇಂಥ ಶಿವಪುತ್ರಪ್ಪನಿಗೆ, ಅಂದರೆ ನನಗೆ, ಇಪ್ಪತ್ತಾರು ವರ್ಷದವನೊಬ್ಬ ನಮ್ಮ ಪಡಸಾಲೆಯಲ್ಲೇ ಕೂತು, ನಮ್ಮ ಮನೆಯ ಚಹಾವನ್ನೇ ಕುಡಿಯುತ್ತ, "ಮಾವ, ಹೊಳಪಿನಾಗೂ ತರಾವರಿ ಇರ್ತಾವ" ಎಂದು ಪಾಠ ಹೇಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ?

ಪಾಠ ಹೇಳಿದವನು ನನ್ನ ಹೆಂಡತಿ ನೀಲಗಂಗವ್ವನ ತಮ್ಮ ವೀರಪ್ಪ. ಊರು ದಾಸನಕೊಪ್ಪ, ನೌಕರಿ ಮುಂಬಯಿ. ೧೯೬೧ರ ಸಂಕ್ರಾಂತಿಗೆ ಬಂದಾಗ ಅಕ್ಕನಿಗೆಂದು ನೀಲಿ ಮಕಮಲ್ಲಿನ ಪುಟ್ಟ ಡಬ್ಬಿಯೊಂದನ್ನು ತಂದಿದ್ದ. ಒಳಗೆ ಬೆಂಡೋಲೆಯೇ ಇರಬೇಕೆಂದು ನಾನು ಮನಸ್ಸಿನಲ್ಲೇ ಅವನನ್ನು ಹೊಗಳಿ ಮುಗಿಸುವಷ್ಟರಲ್ಲಿ ಡಬ್ಬಿ ತೆರೆಯಿತು. ಇದ್ದದ್ದು ಒಂದು ಎಂಟಾಣೆ. ಹೊಸ ಲೆಕ್ಕದಲ್ಲಿ ಹೇಳುವುದಾದರೆ ಐವತ್ತು ನಯೇ ಪೈಸೆ.

"ಇದು ಪ್ರೂಫ್ ನಾಣ್ಯ, ಮಾವ" ಎಂದ ವೀರಪ್ಪ. "ಸಂತಿಗೆ ಒಯ್ಯಾಕ ಅಲ್ಲ, ಜ್ವಾಕಿಯಿಂದ ಇಟ್ಟು ನೋಡಾಕ ಅಂತ ಟಂಕಸಾಲಿಯವರು ಬ್ಯಾರೆನ ಮಾಡ್ತಾರ. ಅಚ್ಚಿಗೂ ಪಾಲೀಶು, ನಾಣ್ಯ ಆಗೋ ಬಿಲ್ಲೆಗೂ ಪಾಲೀಶು. ಒಂದೊಂದನ್ನ ಎರಡೆರಡು ಸಲ ಒತ್ತತಾರ. ನಮ್ಮ ಸಾಹೇಬರ ಬೆನ್ನು ಹತ್ತಿ, ಎರಡು ತಿಂಗಳು ಕಾದು ತಂದೀನಿ."

"ಬ್ಯಾಂಕಿನ ಹೊಸ ಚೀಲದಾಗ ಬರೋ ಎಂಟಾಣೆನೂ ಹಿಂಗ ಹೊಳೀತಾವಪ್ಪ" ಎಂದೆ ನಾನು.

"ಅದು ಹೊಳಪಲ್ಲ ಮಾವ. ಅದು ಬರೇ ಹೊಸಾದು."

ಈ ಮಾತಿಗೆ ನೀಲಗಂಗವ್ವ ನಕ್ಕಳು. ತಮ್ಮನ ಮಾತಿಗೆ ಅಕ್ಕ ನಕ್ಕರೆ ತಪ್ಪಿಲ್ಲ, ಆದರೆ ಗಂಡನ ಕಡೆ ನೋಡಿ ನಗಬಾರದು. ಆಮೇಲೆ ಆಕೆ ಎದ್ದು ಆ ಡಬ್ಬಿಯನ್ನು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಳು. ಅಂದಿನಿಂದ ನಮ್ಮ ಮನೆಗೆ ಯಾರೇ ಬರಲಿ, ನೀರು ಕೇಳುವ ಮೊದಲು ಆ ಎಂಟಾಣೆಯ ದರ್ಶನವಾಗುತ್ತಿತ್ತು. ಸೋಮವಾರಕ್ಕೊಮ್ಮೆ ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮಲ್ಲಿ ಕೂಡಿದಾಗ ಎಲ್ಲರೂ ಅದಕ್ಕೊಂದು ಬೊಟ್ಟು ಕುಂಕುಮ ಇಟ್ಟು, "ಇಂಥಾ ತಮ್ಮ ಇರಬೇಕ ನೋಡವ್ವ" ಎಂದು ಹೊಗಳಿ ಹೋಗುತ್ತಿದ್ದರು. ನಾನು ಹೊಸ ಸೀರೆ ತಂದ ದಿನ ಇಷ್ಟು ಜನ ಸೇರಿದ್ದು ನನಗೆ ನೆನಪಿಲ್ಲ.

ಆರು ತಿಂಗಳು ಸಹಿಸಿದೆ. ಆಮೇಲೆ ಈ ಪ್ರೂಫು ಅಂದರೆ ಏನೆಂದು ತಿಳಿದೇ ಬಿಡಬೇಕೆಂದು ಹಟ ಹುಟ್ಟಿತು.

ಸಿದ್ದಾಪುರದಲ್ಲಿ ಸೀತಾರಾಮ ಹೆಗಡೆಯವರು ಅಂತ ನನ್ನ ಹಳೆಯ ಗಿರಾಕಿ. ಮುಂಬಯಿಯ ಟಂಕಸಾಲೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಊರಿಗೆ ಬಂದು ನೆಲೆಸಿದವರು. ಆಷಾಢದಲ್ಲಿ ಅವರು ಹೇಳಿದ್ದ ತಾಮ್ರದ ಹಂಡೆಯನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ನಾನೇ ಹೊರಟೆ. (ಹಂಡೆ ನೆಪ ಎಂದು ಬೇರೆ ಹೇಳಬೇಕಾಗಿಲ್ಲ.)

"ಎಂತ ಶಿವಪುತ್ರಪ್ನೋರೆ, ಒಂದು ಹಂಡೆಗೆ ನೀವೇ ಬರಬೇಕಿತ್ತಾ?" ಎಂದರು ಹೆಗಡೆಯವರು. ನಾನು ಮೆಲ್ಲಗೆ ಪ್ರೂಫಿನ ಮಾತು ತೆಗೆದೆ. ಅಷ್ಟು ಸಾಕಾಯಿತು. ಅವರ ಮುಖ ಅರಳಿತು. "ಹೋಯ್, ಆ ಪೇಪರು ಸ್ವಲ್ಪ ತಗಂಬಾರೆ" ಎಂದು ಹೆಂಡತಿಯನ್ನು ಕೂಗಿ, ಟ್ರಂಕಿನಿಂದ ಹತ್ತಿಯಲ್ಲಿ ಸುತ್ತಿಟ್ಟ ಎಂಟಾಣೆಯೊಂದನ್ನು ತೆಗೆದರು. ಎರಡು ಬೆರಳಲ್ಲಿ ಅಂಚನ್ನಷ್ಟೇ ಹಿಡಿದಿದ್ದರು. ನಾನು ಕೈ ಚಾಚಿದರೆ ಹಿಂದಕ್ಕೆಳೆದುಕೊಂಡರು.

"ಮುಟ್ಟಬೇಡಿ. ಬೆರಳಿನ ಬೆವರು ತಾಗಿದರೂ ಇದು ಹಾಳು."

ನಾಣ್ಯವನ್ನು ಮಣೆಯ ಮೇಲಿಟ್ಟು, ಅದರ ಪಕ್ಕ ವರ್ತಮಾನ ಪತ್ರಿಕೆಯನ್ನು ನೆಟ್ಟಗೆ ಹಿಡಿದರು. ಬಗ್ಗಿ ನೋಡುತ್ತೇನೆ, ನಾಣ್ಯದ ಸಿಂಹಗಳ ಸುತ್ತಲಿನ ಖಾಲಿ ಬಯಲಿನಲ್ಲಿ ಪತ್ರಿಕೆಯ ಸಣ್ಣ ಸಣ್ಣ ಅಕ್ಷರ ಕೂಡ ತಿರುಗುಮುರುಗಾಗಿ ಕಾಣುತ್ತಿತ್ತು. ಬಯಲು ಕನ್ನಡಿ, ಸಿಂಹ ಮಾತ್ರ ಬೆಳ್ಳಗೆ ಹಿಟ್ಟು ಉದುರಿಸಿದ ಹಾಗೆ. ಆಮೇಲೆ ಅಂಗಿಯ ಜೇಬಿನಿಂದ ಇನ್ನೊಂದು ಹೊಳೆಯುವ ಎಂಟಾಣೆ ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲಿ ದಪ್ಪ ಶೀರ್ಷಿಕೆ ಕಂಡಿತು, ಸಣ್ಣಕ್ಷರ ಕಲಸಿಹೋಗಿತ್ತು.

"ಇದು ಸಾದಾ. ಹೊಸ ಅಚ್ಚಿನಿಂದ ಮೊದಮೊದಲು ಬಿದ್ದದ್ದು ಹೀಗೇ ಹೊಳೀತದೆ. ಜನ ಮೋಸ ಹೋಗೋದೇ ಇಲ್ಲಿ. ಆದರೆ ಶಿವಪುತ್ರಪ್ನೋರೆ, ಹೊಳಪು ಅಂದರೆ ಅರ್ಧ ಪರೀಕ್ಷೆ ಆಯ್ತು ಅಷ್ಟೆ. ಇನ್ನರ್ಧ..."

ಅಷ್ಟರಲ್ಲಿ ಶಿರಸಿ ಬಸ್ಸಿನ ಹಾರ್ನು ಕೇಳಿಸಿತು. ಅದು ತಪ್ಪಿದರೆ ಮುಂದಿನದು ಸಂಜೆಗೆ. ನಾನು ಕೊಡೆ ಎತ್ತಿಕೊಂಡು ಎದ್ದೆ.

"ಅರ್ಧಕ್ಕೇ ಎದ್ದಿರಲ್ಲ ಮಾರಾಯ್ರೆ, ಪೂರ್ತಿ ಕೇಳ್ಕೊಂಡು ಹೋಗಿ."

"ಸಾಕ್ರಿ ಹೆಗಡೆಯವರ, ತಿಳೀತು" ಎಂದು ಓಡಿದೆ. ಹೊಳಪಿನ ವಿಚಾರದಲ್ಲಿ ನನಗೆ ಅರ್ಧ ಹೇಳಿದರೆ ಧಾರಾಳವಾಯಿತು ಎಂದು ಆಗ ನನ್ನ ನಂಬಿಕೆ.

ನಾಗರ ಪಂಚಮಿಗೆ ಇನ್ನು ಹನ್ನೊಂದು ದಿನ ಇತ್ತು. ಅಂದು ಮಧ್ಯಾಹ್ನ ನೀಲಗಂಗವ್ವ ಉಂಡಿಗೆ ಎಳ್ಳು, ಬೆಲ್ಲ ತರಲು ಪೇಟೆಗೆ ಹೋಗಿದ್ದಳು. ನಾನು ಕೈಕಾಲು ತೊಳೆದು, ಹಣೆಗೆ ವಿಭೂತಿ ಧರಿಸಿ (ಜಗಲಿಗೆ ಕೈ ಹಾಕುವಾಗ ಮರ್ಯಾದೆ ಬಿಡಬಾರದು), ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತಂದು ತೆರೆದೆ. ಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದೆ. ಒಂದಕ್ಷರವಿಲ್ಲ. ಸಣ್ಣದೂ ಇಲ್ಲ, ದಪ್ಪದೂ ಇಲ್ಲ. ನಾಣ್ಯ ಮಂಕಾಗಿತ್ತು, ಮೈಮೇಲೆಲ್ಲ ಕೂದಲೆಳೆಯಂಥ ಗೀರು, ಸಿಂಹಗಳ ಸಂದಿಯಲ್ಲಿ ಕುಂಕುಮ. ನಮ್ಮ ಅಂಗಡಿಯ ಗಲ್ಲೆಯಲ್ಲಿ ಬಿದ್ದಿರುವ ಯಾವ ಎಂಟಾಣೆಯೂ ಇದಕ್ಕಿಂತ ಚೆನ್ನಾಗಿತ್ತು.

ಸುಳ್ಳೇಕೆ ಹೇಳಲಿ, ಮೊದಲು ನನಗೆ ಬಹಳ ಸಂತೋಷವಾಯಿತು. ಮುಂಬಯಿ ಮಹಾಶಯನ ಬಣ್ಣ ಬಯಲಾಯಿತು. ಸಾದಾ ಎಂಟಾಣೆ ತಂದು ಅಕ್ಕನಿಗೆ ಪ್ರೂಫೆಂದು ಕೊಟ್ಟಿದ್ದಾನೆ. ಈಗಲೇ ಓಣಿಯನ್ನೆಲ್ಲ ಕೂಡಿಸಿ ಸಾರಿಬಿಡೋಣವೆನಿಸಿತು. ಆದರೆ ಕಿಟಕಿಯ ಬಳಿ ಹಾಗೇ ನಿಂತಿದ್ದಂತೆ ಸಂತೋಷ ಇಳಿಯಿತು. ವಾರವಾರವೂ ಅದಕ್ಕೆ ಹೂವು ಏರಿಸುವಾಗಿನ ನೀಲಗಂಗವ್ವನ ಮುಖ ಕಣ್ಣ ಮುಂದೆ ಬಂತು. ತಂದೆತಾಯಿ ಇಲ್ಲದ ಮನೆಯಲ್ಲಿ ಆ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವನು ತಂದದ್ದು ಹುಸಿ ಎಂದು ತಿಳಿದರೆ ಆಕೆಗೆ ಎಂಟಾಣೆ ಹೋಗುವುದಿಲ್ಲ, ತಮ್ಮನೇ ಹೋಗುತ್ತಾನೆ.

ಹಾಗಾಗಿ ನಾನೊಂದು ಮಹಾತ್ಯಾಗ ಮಾಡಿದೆ. ಅಂಗಡಿಗೆ ಹೋಗಿ ಗಲ್ಲೆಯನ್ನೆಲ್ಲ ಮಗುಚಿ, ಇದ್ದುದರಲ್ಲಿ ಅತ್ಯಂತ ಹೊಳೆಯುವ ಎಂಟಾಣೆಯನ್ನು ಆರಿಸಿದೆ. ಡಬ್ಬಿಯಲ್ಲಿದ್ದುದರ ಹಾಗೆ ಅದೂ ೧೯೬೦ರ ಇಸವಿಯದು. ಪತ್ರಿಕೆ ಹಿಡಿದರೆ ಶೀರ್ಷಿಕೆ ಚೆನ್ನಾಗಿ ಕಂಡಿತು. (ಸಣ್ಣಕ್ಷರ ಕಾಣದಿದ್ದದ್ದು ನನ್ನ ಕನ್ನಡಕದ ದೋಷ ಎಂದುಕೊಂಡೆ.) ಅದನ್ನು ಡಬ್ಬಿಯಲ್ಲಿಟ್ಟು, ಅನುಮಾನ ಬಾರದಂತೆ ಒಂದು ಬೊಟ್ಟು ಕುಂಕುಮವನ್ನೂ ಹಚ್ಚಿ, ಜಗಲಿಯ ಮೇಲೆ ಇದ್ದಲ್ಲೇ ಇಟ್ಟೆ. ಮಂಕು ಎಂಟಾಣೆ ಗಲ್ಲೆ ಸೇರಿತು.

ಮರುದಿನ ಅದನ್ನು ಮೊದಲು ಬಂದ ಗಿರಾಕಿಗೆ ದಾಟಿಸಿದೆ. ಬಂದವರು ನಮ್ಮ ಪಕ್ಕದ ಮನೆಯ ದೇವಕ್ಕ. ಒಂದು ಹಿತ್ತಾಳೆ ತಂಬಿಗೆ ಕೊಂಡರು, ಎಂಟಾಣೆ ಚಿಲ್ಲರೆ ಬರಬೇಕಿತ್ತು. ನಾಣ್ಯವನ್ನು ಅಂಗೈಯಲ್ಲಿಟ್ಟು ಒಮ್ಮೆ ಹೊರಳಿಸಿ ನೋಡಿ, ನನ್ನ ಮುಖವನ್ನೂ ನೋಡಿದರು.

"ಅಣ್ಣಾರ, ಇದನ್ನ ಕೊಡತೀರೇನ್ರಿ?"

"ಯಾಕ ದೇವಕ್ಕಾರ, ಸರಕಾರದ ರೊಕ್ಕ ಅಲ್ಲೇನು?"

"ಆತು ಬಿಡ್ರಿ" ಎಂದು ಸೆರಗಿಗೆ ಗಂಟು ಹಾಕಿಕೊಂಡು ಹೋದರು.

ಇಲ್ಲಿಗೆ ಸುಮ್ಮನಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಗುಟ್ಟಾಗಿ ಮಾಡಿದ ಉಪಕಾರ ಎದೆಯೊಳಗೆ ತುರಿಸುತ್ತಲೇ ಇರುತ್ತದೆ. ಉಪಕಾರ ಹೇಳಿಕೊಳ್ಳಬಾರದು, ಸರಿ. ವೀರಪ್ಪನೊಬ್ಬನಿಗಾದರೂ ಅದು ತಿಳಿಯಬೇಡವೆ? ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ಅವನು ಬರುವವನಿದ್ದ. ಅದೇ ದಿನ ಹೆಗಡೆಯವರನ್ನೂ ಊಟಕ್ಕೆ ಕರೆಯುವುದು. ಅವರು ಎಲ್ಲರೆದುರು ಎಂಟಾಣೆ ನೋಡಿ, "ಅಸಲು ಪ್ರೂಫು" ಅನ್ನುವುದು. ಹುಸಿ ಕೊಟ್ಟ ವೀರಪ್ಪ ಬೆಪ್ಪಾಗಿ ನನ್ನ ಮುಖ ನೋಡುವುದು, ನಾನು ಮೀಸೆಯಲ್ಲೇ ನಕ್ಕು ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಳ್ಳುವುದು. ಹೆಗಡೆಯವರಿಗೆ ಕಾರ್ಡು ಬರೆದು ಹಾಕಿದೆ.

ಇಬ್ಬರೂ ಬಂದರು. ಊಟವಾಯಿತು. ಎಲೆ ಅಡಿಕೆಯ ಹೊತ್ತಿಗೆ ನಾನು ಏನೂ ಅರಿಯದವನಂತೆ, "ನೀಲಾ, ಆ ಡಬ್ಬಿ ತಾ, ಹೆಗಡೆಯವರು ನೋಡಲಿ" ಎಂದೆ.

ನೀಲಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೈಗೆಲ್ಲ ಶೇಂಗಾ ಉಂಡಿಯ ಪಾಕ ಅಂಟಿತ್ತು. "ಹಬ್ಬದ ಹೊತ್ತಿನಾಗ ಅದ್ಯಾಕ್ರಿ ಈಗ? ಇದ್ದಲ್ಲೆ ಇರಲಿ" ಎಂದಳು.

"ನಿನ್ನ ತಮ್ಮ ತಂದದ್ದನ್ನ ಬಲ್ಲವರು ಒಮ್ಮೆ ನೋಡಿದ್ರ ತಪ್ಪೇನೈತಿ?"

"ನೋಡಲಿ ತಾ ಅಕ್ಕ" ಎಂದ ವೀರಪ್ಪನೂ, ಎದೆ ಉಬ್ಬಿಸಿ. ಇವನಿಗೆ ಎಷ್ಟು ಧೈರ್ಯ ಎಂದು ನನಗೆ ಆಶ್ಚರ್ಯವಾಯಿತು.

ನಾನೇ ಎದ್ದು ಡಬ್ಬಿ ತಂದಿಟ್ಟೆ. ಹೆಗಡೆಯವರು ಕನ್ನಡಕ ಒರೆಸಿಕೊಂಡು ನಾಣ್ಯವನ್ನು ಅಂಚಿನಲ್ಲಿ ಹಿಡಿದರು. ಪತ್ರಿಕೆಯ ಪಕ್ಕ ಇಟ್ಟು ನೋಡಿದರು. ಹೊರಳಿಸಿದರು. ಅಂಚಿನ ಸುತ್ತ ಉಗುರಾಡಿಸಿದರು. ಇಷ್ಟು ಹೊತ್ತು ಯಾಕೆ ಎಂದು ನಾನು ಉಂಡಿಯನ್ನು ಕೈಯಲ್ಲೇ ಹಿಡಿದು ಕಾದೆ.

"ಚೊಲೋ ಹೊಳಪು ಇದೆ. ಆದರೆ ಪ್ರೂಫ್ ಅಲ್ಲ" ಎಂದರು. "ಸಣ್ಣಕ್ಷರ ಕಲಸಿದೆ ನೋಡಿ. ಸಿಂಹವೂ ಬಯಲೂ ಒಂದೇ ಬಣ್ಣ. ಇಲ್ಲಿ ಇಲ್ಲಿ ಕಚ್ಚು ಬಿದ್ದಿದೆ, ಚೀಲದಲ್ಲಿ ಒಂದರ ಮೇಲೊಂದು ಬಿದ್ದು ಬಂದದ್ದು. ಅಂಚು ನುಣ್ಣಗೆ ದುಂಡಗಿದೆ. ಇದು ಸಾದಾ ಎಂಟಾಣೆ."

ವೀರಪ್ಪನ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿಗೋ ಇಳಿದುಹೋಯಿತು. "ಹಂಗ ಹೆಂಗ ಆಗತೈತ್ರಿ? ಸಾಹೇಬರು ಮುದ್ರಿ ಒಡೀದ ಪಾಕೀಟಿನಾಗಿಂದ ನನ್ನ ಮುಂದ ತೆಗದು ಕೊಟ್ಟಾರ" ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಅಕ್ಕ, ನನಗ ಮೋಸ ಆಗೇತಿ. ಒಂದು ತಿಂಗಳ ಪಗಾರದಾಗ ಅರ್ಧ ಕೊಟ್ಟಿದ್ದೆ. ನಿನಗ ಬಂಗಾರ ತರಾಕ ಆಗಲಿಲ್ಲ, ಅದಕ್ಕ ಬ್ಯಾರೆ ಯಾರ ಕಡೆನೂ ಇಲ್ಲದ್ದನ್ನ ತರಬೇಕಂತ ಮಾಡಿದ್ದೆ" ಎಂದ.

ಹುಡುಗನ ಕಣ್ಣು ತುಂಬಿತ್ತು. ಅವನು ಅಕ್ಕನಿಗೆ ಸುಳ್ಳು ಹೇಳಿದವನಲ್ಲ. ಅಷ್ಟು ಹೊತ್ತಿಗೆ ನನಗದು ಖಂಡಿತವಾಗಿ ತಿಳಿಯಿತು. ನೀಲಗಂಗವ್ವನಾದರೋ ತಮ್ಮನ ಕಡೆಗೂ ನೋಡದೆ, ಹೆಗಡೆಯವರ ಕಡೆಗೂ ನೋಡದೆ, ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಮದುವೆಯಾಗಿ ಹದಿನೇಳು ವರ್ಷ, ಆ ನೋಟ ನನಗೆ ಗೊತ್ತು. ಅದಕ್ಕೆ ಉತ್ತರ ಕೊಡದೆ ನಮ್ಮ ಮನೆಯಲ್ಲಿ ಯಾರಿಗೂ ರಾತ್ರಿ ಊಟ ಸಿಕ್ಕಿಲ್ಲ.

ಉಂಡಿಯನ್ನು ತಟ್ಟೆಯಲ್ಲಿಟ್ಟೆ.

"ವೀರಪ್ಪ, ನೀ ಕೊಟ್ಟದ್ದು ಇದಲ್ಲಪ್ಪ" ಎಂದೆ. "ಇದು ನಮ್ಮ ಗಲ್ಲೆದು. ನೀ ಕೊಟ್ಟದ್ದು ಇದಕ್ಕಿಂತ ಹೊಲಸು ಇತ್ತು. ಒಂದಕ್ಷರ ಕಾಣತಿರಲಿಲ್ಲ. ನೀ ಸಾದಾ ತಂದು ಕೊಟ್ಟೀ ಅಂತ ತಿಳದು, ನಿಮ್ಮಕ್ಕಗ ಬ್ಯಾಸರ ಆಗಬಾರದಂತ ನಾನ ಹೊಳೆಯೋದನ್ನ ಇಟ್ಟೆ."

"ಮತ್ತ ನಾ ಕೊಟ್ಟದ್ದು ಎಲ್ಲೈತಿ, ಮಾವ?"

"ಚಿಲ್ಲರೆ ಕೊಟ್ಟುಬಿಟ್ಟೆ."

ಹೆಗಡೆಯವರು ತಲೆಯ ಮೇಲೆ ಕೈ ಇಟ್ಟುಕೊಂಡರು. ನೀಲಗಂಗವ್ವ ಮಾತ್ರ ಒಳಗೆ ಹೋಗಿ ಕೈ ತೊಳೆದು ಬಂದಳು. ಸೊಂಟದ ಎಲೆಯಡಿಕೆ ಸಂಚಿಯನ್ನು ಬಿಚ್ಚಿ, ಒಂದು ಮಂಕು ಎಂಟಾಣೆಯನ್ನು ತೆಗೆದು ಹೆಗಡೆಯವರ ಮುಂದಿಟ್ಟಳು. ಸಿಂಹಗಳ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು.

ಹೆಗಡೆಯವರು ಹೊಳಪಿನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಅಂಚಿನ ಸುತ್ತ ಉಗುರಾಡಿಸಿದರು. "ಚಾಕುವಿನ ಹಾಂಗಿದೆ" ಎಂದು ಗೊಣಗಿದರು. ಆಮೇಲೆ ಕನ್ನಡಕದ ಹತ್ತಿರ ಹಿಡಿದು, "ಅಕ್ಷರದ ಗೋಡೆ ನೋಡಿ, ಎಷ್ಟು ನೆಟ್ಟಗೆ ನಿಂತಿದೆ. ಎರಡು ಸಲ ಒತ್ತಿದ್ದು. ಇದೇ ಪ್ರೂಫ್, ಸಂಶಯವೇ ಇಲ್ಲ. ಹೊಳಪು ಹೋಗಬಹುದು, ಅಂಚು ಸುಳ್ಳು ಹೇಳೂದಿಲ್ಲ. ಶಿವಪುತ್ರಪ್ನೋರೆ, ನಾನು ಅವತ್ತು ಹೇಳಹೊರಟಿದ್ದ ಇನ್ನರ್ಧ ಇದೇ. ನಿಮಗೆ ಬಸ್ಸು ಬಂತು" ಎಂದರು. ಆಮೇಲೆ ನಾಣ್ಯವನ್ನು ಹೊರಳಿಸಿ, "ಆದರೆ ಇದನ್ನ ಹೀಂಗೆ ಉಜ್ಜಿದವರು ಯಾರು?" ಎಂದು ಕೇಳಿದರು.

"ನಾನ್ರಿ" ಎಂದಳು ನೀಲಗಂಗವ್ವ. "ಸೋಮವಾರಕ್ಕೊಮ್ಮೆ ಜಗಲಿ ಮ್ಯಾಲಿನ ಸಾಮಾನೆಲ್ಲ ತಿಕ್ಕತೀನಲ್ರಿ, ಅದರ ಕೂಡ ಇದನ್ನೂ. ಹುಣಸೀಹಣ್ಣು ಹಚ್ಚಿ, ಮ್ಯಾಲ ಬೂದಿ ಹಾಕಿ. ದೇವರ ಮುಂದ ಇಡೋದನ್ನ ತಿಕ್ಕದ ಇಡತಾರೇನ್ರಿ?"

ಸಂಕ್ರಾಂತಿಯಿಂದ ಪಂಚಮಿಯವರೆಗೆ ಸೋಮವಾರಗಳೆಷ್ಟು ಎಂದು ಹೆಗಡೆಯವರು ಮನಸ್ಸಿನಲ್ಲಿ ಎಣಿಸುತ್ತಿದ್ದುದು ಅವರ ತುಟಿಯಲ್ಲಿ ಕಂಡಿತು. ಎಣಿಕೆ ಮುಗಿಸದೆ ಬಿಟ್ಟರು. ಬೆರಳಿನ ಬೆವರಿಗೂ ಅಂಜುವ ಮನುಷ್ಯ, ಹುಣಸೆಹಣ್ಣಿನ ಮಾತು ಕೇಳಿ ನೀರು ಬೇಡಿದರು.

"ಈಗ ಇದರ ಬೆಲಿ ಏನಾತ್ರಿ?" ಎಂದು ವೀರಪ್ಪ ಕೇಳಿದ.

"ಎಂಟಾಣೆ" ಎಂದರು ಹೆಗಡೆಯವರು.

ವೀರಪ್ಪ ನಗತೊಡಗಿದ. ಕಣ್ಣೊರೆಸಿಕೊಳ್ಳುತ್ತ ನಕ್ಕ. "ಹೋಗಲಿ ಬಿಡ್ರಿ. ಎಂಟಾಣೆನ ಕೊಟ್ಟಿದ್ದೆ, ಎಂಟಾಣೆನ ಐತಿ."

"ನಾ ಏನು ಇದನ್ನ ಮಾರಾಕ ಕುಂತೀನೇನು?" ಎಂದಳು ಅವನಕ್ಕ. ಹೊಳೆಯುವ ಎಂಟಾಣೆಯನ್ನು ಡಬ್ಬಿಯಿಂದ ತೆಗೆದು ನನ್ನ ಮುಂದಿಟ್ಟು, ಮಂಕು ಎಂಟಾಣೆಯನ್ನು ಮಕಮಲ್ಲಿನ ಮೇಲೆ ಮಲಗಿಸಿ ಜಗಲಿಗೆ ಒಯ್ದಳು.

ಹೊಳೆಯುವುದನ್ನು ಕೈಯಲ್ಲಿ ಹಿಡಿದು ನಾನೂ ಹಿಂದೆಯೇ ಹೋದೆ. ಅಂಥ ಹೊತ್ತಿನಲ್ಲಿ ಗಂಡಸರು ಪಡಸಾಲೆಯಲ್ಲಿ ಕೂರುವುದು ಕಷ್ಟ.

"ನೀಲಾ, ಅದು ನಿನ್ನ ಕೈಗೆ ಹೆಂಗ ಬಂತು?"

"ಹೋದ ಸುಕ್ಕುರವಾರ ದೇವಕ್ಕಾರು ನನ್ನ ಉಡಿ ತುಂಬಿದ್ರಲ್ಲ. ಅಕ್ಕಿ, ಕೊಬ್ಬರಿಬಟ್ಟಲ ಕೂಡ ಇದೂ ಇತ್ತು. ವಾರವಾರ ಇದಕ್ಕ ಕುಂಕುಮ ಹಚ್ಚಿದಾಕಿಗೆ ಗುರುತು ಸಿಗೂದಿಲ್ಲೇನು? ಅಂಗಡ್ಯಾಗ ನೀವು ಕೊಟ್ಟ ಕೂಡಲೆ ಆಕಿಗೆ ತಿಳದೈತಿ. ನಿಮ್ಮನ್ನ ಕೇಳಿದ್ರ ಎಲ್ಲಿ ನಿಮ್ಮ ಮಾನ ಹೋದೀತಂತ ಸುಮ್ಮನ ನನ್ನ ಉಡಿಯಾಗ ಹಾಕಿದ್ರು."

"ಮತ್ತ ನೀ ಯಾಕ ಸುಮ್ಮನಿದ್ದಿ ಇಷ್ಟು ದಿವಸ?"

ಅವಳು ಜಗಲಿಯ ಕಡೆ ತಿರುಗಿಕೊಂಡೇ ಇದ್ದಳು. "ಮೊದಲು ಸಿಟ್ಟು ಬಂದಿತ್ತು. ಆಮ್ಯಾಲ ಡಬ್ಬಿ ತಗದು ನೋಡಿದೆ. ಇದ್ದುದರಾಗ ಛಲೋದನ್ನ ಆರಿಸಿ ಇಟ್ಟಿದ್ರಿ. ಕುಂಕುಮನೂ ಹಚ್ಚಿದ್ರಿ, ಅದೂ ಸಿಂಹದ ಮೂಗಿಗೆ. ನನ್ನ ಸಲುವಾಗಿ ನೀವು ಇಷ್ಟು ಕಳ್ಳತನ ಮಾಡೀರಿ ಅಂತ ನೋಡಿ ಸಿಟ್ಟು ಇಳೀತು" ಎಂದಳು.

ಇಪ್ಪತ್ತೆರಡು ವರ್ಷದ ಹೊಳಪಿನ ವ್ಯಾಪಾರದಲ್ಲಿ ಇಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎದೆ ತುಂಬಿ ಬಂತು. ತಪ್ಪು ಮಾಡಿದರೂ ಪರವಾಗಿಲ್ಲ, ಓಣಿಯಲ್ಲಿ ಈ ಸಂಗತಿ ಮೂವರಿಗೆ ಬಿಟ್ಟು ಯಾರಿಗೂ ತಿಳಿದಿಲ್ಲವಲ್ಲ ಎಂಬ ಸಮಾಧಾನದಿಂದ ತಲೆ ಎತ್ತಿಕೊಂಡು ಪಡಸಾಲೆಗೆ ಬಂದೆ.

ಬಾಗಿಲಲ್ಲಿ ದೇವಕ್ಕ ನಿಂತಿದ್ದರು. ಕೈಯಲ್ಲಿ ಅಳ್ಳಿಟ್ಟು, ಉಂಡಿ ತುಂಬಿದ ತಟ್ಟೆ. ಅವರ ಹಿಂದೆ ಓಣಿಯ ಐದಾರು ಹೆಣ್ಣುಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ತಟ್ಟೆ, ಪ್ರತಿಯೊಬ್ಬರ ಬಾಯಿಗೂ ಸೆರಗು ಅಡ್ಡ. ಪಂಚಮಿಯ ಉಂಡಿ ಕೊಡಲು ಇಷ್ಟು ಜನ ಒಟ್ಟಿಗೆ ಬರುವ ಪದ್ಧತಿ ನಮ್ಮ ಓಣಿಯಲ್ಲಿ ಇರಲಿಲ್ಲ.

"ಅಣ್ಣಾರ, ಒಳಗಿನ ಮಾತು ಮುಗದಿದ್ರ ನಂದೊಂದು ಐತ್ರಿ" ಎಂದರು ದೇವಕ್ಕ.

"ಹೇಳ್ರಿ ದೇವಕ್ಕಾರ."

"ಉಡಿಯಾಗ ನಾ ಇಡೋದು ನಾಕಾಣೆ. ಅದನ್ನ ಬ್ಯಾರೆನ ಇಟ್ಟಿದ್ದೆ. ಆ ಎಂಟಾಣೆ ನಿಮ್ಮ ಮನೀದು, ಹೊಳ್ಳಿ ಮುಟ್ಟಿಸೀನಿ. ತಂಬಿಗಿದು ನನ್ನ ಚಿಲ್ಲರೆ ಇನ್ನೂ ಬರಬೇಕಲ್ರಿ."

ಕೈಯಲ್ಲಿದ್ದ ಹೊಳೆಯುವ ಎಂಟಾಣೆಯನ್ನು ತಲೆ ತಗ್ಗಿಸಿ ಕೊಟ್ಟೆ. ದೇವಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ಹೊರಳಿಸಿದರು. ಹೆಗಡೆಯವರ ಕಡೆ ಕೈ ಚಾಚಿ, "ಹೆಗಡ್ಯಾರ, ಸ್ವಲ್ಪ ನೋಡ್ರಿ. ಇದರ ಅಂಚು ದುಂಡಗ ಐತಿ ಹೌದಲ್ಲ? ಸಂತ್ಯಾಗ ನಡೆಯುವಂಥಾದ್ದು ಬೇಕ್ರಿ ನನಗ" ಎಂದರು.